ಬಟ್ಟೆಗೆ ಹಿಡಿದ ಅಂಟನ್ನು ಬಿಡಿಸುವ ಕ್ರಮ

(ಗೃಹಶಾಸ್ತ್ರದ ಒಂದು ಪಾಠ)

ನಮ್ಮ ಪಾಠಶಾಲೆಯನ್ನು ಬಿಟ್ಟು ಈಗ ತಮ್ಮ ತಮ್ಮ ಮನೆಗಳನ್ನೂ ಉದ್ಯೋಗಗಳನ್ನೂ ನಡೆಸುತ್ತಿರುವ ಹಳೆಯ ವಿದ್ಯಾರ್ಥಿನಿಯರಿಗೆ ಚರಿತ್ರೆಯ ಇಸವಿಗಳೂ ಬೀಜಗಣಿತದ ಸೂತ್ರಗಳೂ ಎಷ್ಟರ ಮಟ್ಟಿಗೆ ನೆನಪಿನಲ್ಲಿ ಉಳಿದಿರುವುವೋ ಹೇಳಲಾರೆನು. ಕೈಯಿಂದ ಮಾಡಿ ಕಲಿತ ಪಾಠವು ಮಾತ್ರ ಬೇಗನೆ ಮರೆತುಹೋಗುವುದಿಲ್ಲ. ಆದುದರಿಂದ ಈ ಸ್ಮರಣಸಂಚಿಕೆಯಲ್ಲಿ ಅವರಿಗೂ, ಈಗ ನಮ್ಮಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಗಳಿಗೂ ಉಪಯೋಗವಾಗತಕ್ಕ ಒಂದು ಕೈಗೆಲಸದ ಪಾಠವನ್ನು ಬರೆಯುತ್ತಿದ್ದೇನೆ. ವಿಷಯವು ಅಲ್ಪವಾದದ್ದು. ಬಟ್ಟೆಗೆ ಹತ್ತಿದ ಚೂಯಿಂಗ್ ಗಮ್ ಎಂಬ ಅಗಿಯುವ ಅಂಟನ್ನು, ಬಟ್ಟೆ ಕೆಡದ ಹಾಗೆ ಬಿಡಿಸುವುದು ಹೇಗೆ?

ಇದು ಅಲ್ಪ ವಿಷಯವೆಂದು ನಗುವವರು ಇದರಿಂದಾಗುವ ನಷ್ಟವನ್ನು ಸ್ವಲ್ಪ ಎಣಿಸಿ ನೋಡಲಿ. ಜೂನ್ ತಿಂಗಳಲ್ಲಿ ಹೊಲಿಸಿದ ಸಮವಸ್ತ್ರದ ಲಂಗವು ವರ್ಷವೆಲ್ಲಾ ಬಾಳಬೇಕು. ಅನೇಕ ಮನೆಗಳಲ್ಲಿ ಅಕ್ಕನಿಗೆ ಗಿಡ್ಡವಾದ ಮೇಲೆ ಅದು ತಂಗಿಗೂ ಒದಗಬೇಕು. ಬೆಂಚಿನ ಮೇಲೋ ಬಸ್ಸಿನ ಸೀಟಿನ ಮೇಲೋ ಯಾರೋ ಬಿಟ್ಟುಹೋದ ಕಡಲೆಕಾಳಿನಷ್ಟು ಅಂಟು ಅಂಥ ಲಂಗದ ಹಿಂಬದಿಗೆ ಹಿಡಿದುಕೊಂಡರೆ ಹುಡುಗಿಯು ಆ ದಿನವೆಲ್ಲಾ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಸಂಜೆ ಮನೆಯಲ್ಲಿ ಬೈಗುಳನ್ನು ಕೇಳುತ್ತಾಳೆ. ಲಂಗವು ಕಡೆಗೆ ನೆಲ ಒರಸುವ ಅರಿವೆಯಾಗುತ್ತದೆ. ಹೀಗೆ ಮೂಲೆಗೆ ಬೀಳುವ ಬಟ್ಟೆಗಳಲ್ಲಿ ಹೆಚ್ಚಿನವು ಅಂಟಿನ ದೆಸೆಯಿಂದ ಕೆಡುವುದಿಲ್ಲ. ಅಂಟನ್ನು ಕಂಡೊಡನೆ ಮಾಡುವ ಆತುರದ ಉಪಚಾರದಿಂದ ಕೆಡುತ್ತವೆ. ಈ ಪಾಠದ ತಿರುಳು ಇಷ್ಟೇ. ಮುಂದೆ ಹೇಳುವುದೆಲ್ಲಾ ಇದರ ವಿವರಣೆ.

೧. ಅಂಟು ಬೇರೆ, ಕಲೆ ಬೇರೆ

ಬಟ್ಟೆಗೆ ಹತ್ತಿದ್ದನ್ನೆಲ್ಲಾ ನಾವು ವಾಡಿಕೆಯಲ್ಲಿ ‘ಕಲೆ’ ಎಂದುಬಿಡುತ್ತೇವೆ. ಆದರೆ ಬಾಳೆಯ ಸೊನೆಯನ್ನೂ ಹಲಸಿನ ಮೇಣವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇವೆರಡೂ ಒಂದೇ ಜಾತಿಯವಲ್ಲವೆಂದು ಗೊತ್ತಾಗುವುದು.

ಬಾಳೆಯ ಸೊನೆಯು ನೀರಿನಂತೆ ತೆಳ್ಳಗಿರುತ್ತದೆ. ಬಟ್ಟೆಯ ಮೇಲೆ ಬಿದ್ದಾಗ ಅದು ಕಣ್ಣಿಗೆ ಬೀಳುವುದೇ ಅಪರೂಪ. ಅದರಲ್ಲಿರುವ ಒಗರಿನ ಅಂಶವು ನೂಲಿನೊಳಕ್ಕೆ ಇಳಿದು, ಗಾಳಿ ತಾಗಿದ ಮೇಲೆ ಕಂದುಗಪ್ಪಾಗಿ ನೆಲೆ ನಿಲ್ಲುತ್ತದೆ. ಇದು ನಿಜವಾದ ಕಲೆ. ಹಲಸಿನ ಮೇಣವಾದರೋ ದಪ್ಪನಾಗಿದ್ದು ನೂಲಿನ ಮೇಲೆಯೇ ಕುಳಿತುಕೊಳ್ಳುತ್ತದೆ. ಮುಟ್ಟಿದರೆ ಕೈಗೆ ಅಂಟುತ್ತದೆ. ನೂಲನ್ನು ಹಿಡಿದುಕೊಂಡಿರುತ್ತದೆಯೇ ಹೊರತು ಅದರೊಳಗೆ ಬೆರೆಯುವುದಿಲ್ಲ. ಇದು ಅಂಟು.

ಕಲೆಗೆ ಬೇಕಾದದ್ದು ತ್ವರೆ. ಬಾಳೆಯ ಸೊನೆ ಬಿದ್ದ ಬಟ್ಟೆಯನ್ನು ಆ ಕ್ಷಣದಲ್ಲಿಯೇ ತಣ್ಣೀರಿನಲ್ಲಿ ಸಾಬೂನು ಹಾಕಿ ತೊಳೆಯತಕ್ಕದ್ದು. ತಡವಾದರೆ ಅದನ್ನು ತೆಗೆಯುವುದು ಬಹು ಪ್ರಯಾಸ. ಅಂಟಿಗೆ ಬೇಕಾದದ್ದು ತಾಳ್ಮೆ. ಅದು ಮೇಲೆಯೇ ಕುಳಿತಿರುವ ಅತಿಥಿ; ಒಂದು ಗಂಟೆ ತಡವಾದರೂ ಒಳಕ್ಕೆ ಬಾರದು. ಅದನ್ನು ಹಾಸುಹೊಕ್ಕುಗಳ ಸಂದಿನೊಳಕ್ಕೆ ತುರುಕತಕ್ಕವು ಮೂರು: ಉಜ್ಜುವ ಕೈ, ಬಿಸಿನೀರು, ಇಸ್ತ್ರಿಪೆಟ್ಟಿಗೆ. ಚೂಯಿಂಗ್ ಗಮ್ಮು ಹಲಸಿನ ಮೇಣದ ಜಾತಿಗೆ ಸೇರಿದ್ದೆಂಬುದನ್ನು ಮೊದಲು ನೆನಪಿನಲ್ಲಿಡಿರಿ.

೨. ಈ ಅಂಟಿನ ವಂಶ

ಅಗಿಯುವ ಅಂಟು ಪರದೇಶದಿಂದ ಬಂದದ್ದಾದರೂ ಅದರ ಮೂಲವೃಕ್ಷವು ನಮ್ಮ ತೋಟಗಳಲ್ಲಿಯೇ ಉಂಟು. ನಾವು ಸಪೋಟವೆಂದೂ ಚಿಕ್ಕು ಎಂದೂ ಕರೆಯುವ ಹಣ್ಣಿನ ಮರವೇ ಅದು. ಈ ಮರದ ತವರು ಮೆಕ್ಸಿಕೋ ದೇಶದ ದಕ್ಷಿಣಭಾಗ ಮತ್ತು ಮಧ್ಯ ಅಮೇರಿಕೆ. ಅದರ ತೊಗಟೆಯನ್ನು ಕಚ್ಚುಮಾಡಿದರೆ ಹಾಲಿನಂಥ ಸೊನೆಯು ಒಸರುತ್ತದೆ. ಆ ಸೊನೆಯನ್ನು ಕುದಿಸಿ ಗಟ್ಟಿಮಾಡಿದ ಅಂಟಿಗೆ ‘ಚಿಕ್ಲೆ’ ಎಂದು ಹೆಸರು. ಆ ಸೀಮೆಯ ಮಾಯಾ ಜನರೂ ಅಜ್ಟೆಕ್ ಜನರೂ ಪೂರ್ವಕಾಲದಿಂದಲೇ ಇದನ್ನು ಅಗಿಯುತ್ತಿದ್ದರು. ಸರಿಯಾಗಿ ಮಾಗದ ಸಪೋಟವನ್ನು ಕಚ್ಚಿ ತುಟಿಗಳೆರಡೂ ಅಂಟಿಕೊಂಡ ಅನುಭವವುಳ್ಳ ಮಕ್ಕಳಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ನ್ಯೂಯಾರ್ಕಿನ ಥಾಮಸ್ ಆಡಮ್ಸ್ ಎಂಬವನು ಚಿಕ್ಲೆಯಿಂದ ರಬ್ಬರಿಗೆ ಬದಲಾಗುವ ಒಂದು ವಸ್ತುವನ್ನು ಮಾಡಲು ಯತ್ನಿಸಿ, ಅದು ಕೈಗೂಡದಿರಲು, ಅದನ್ನು ಅಗಿಯುವ ಅಂಟಾಗಿ ಮಾರತೊಡಗಿದನು. ೧೮೭೧ನೆಯ ಇಸವಿಯಲ್ಲಿ ಅದನ್ನು ತಯಾರಿಸುವ ಯಂತ್ರಕ್ಕೆ ಪೇಟೆಂಟನ್ನು ಪಡೆದನು. ೧೯೨೮ರಲ್ಲಿ ಫಿಲಡೆಲ್ಫಿಯ ನಗರದ ಫ್ಲೀರ್ ಕಂಪೆನಿಯಲ್ಲಿ ಲೆಕ್ಕ ಬರೆಯುತ್ತಿದ್ದ ವಾಲ್ಟರ್ ಡೀಮರ್ ಎಂಬವನು, ಮಕ್ಕಳು ಗುಳ್ಳೆ ಊದುವ ಗುಲಾಬಿ ಬಣ್ಣದ ಬಬಲ್ ಗಮ್ಮನ್ನು ಕಂಡುಹಿಡಿದನು. ಎರಡನೆಯ ಮಹಾಯುದ್ಧದ ತರುವಾಯ ಚಿಕ್ಲೆಯ ಸ್ಥಾನವನ್ನು ಬಹುಮಟ್ಟಿಗೆ ಕಾರ್ಖಾನೆಯ ಪದಾರ್ಥಗಳು ಆಕ್ರಮಿಸಿದವು. ಈಗ ಅಂಗಡಿಯಲ್ಲಿ ದೊರೆಯುವ ಗಮ್ಮಿನಲ್ಲಿ ಪಾಲಿವಿನೈಲ್ ಅಸಿಟೇಟ್, ಪಾಲಿಐಸೋಬ್ಯುಟಿಲೀನ್ ಮೊದಲಾದ ಕೃತಕ ರಾಳಗಳೂ ರಬ್ಬರುಗಳೂ, ಅವುಗಳೊಡನೆ ಮೇಣ, ಸೀಮೆಸುಣ್ಣದಂಥ ಪುಡಿ, ಸಕ್ಕರೆ, ಪರಿಮಳ ಇವೂ ಇರುತ್ತವೆ. ಸಕ್ಕರೆಯೂ ಪರಿಮಳವೂ ಬಾಯಿಯ ನೀರಿನಲ್ಲಿ ಕರಗಿಹೋಗುತ್ತವೆ. ಕರಗದೆ ಉಳಿಯುವ ಅಂಟೇ ಬೆಂಚಿನ ಕೆಳಗೆ ಸೇರುವ ಭಾಗ.

ಇದರ ಉಪದ್ರವವು ಒಂದು ಶಾಲೆಯದು ಮಾತ್ರವಲ್ಲ. ಸಿಂಗಾಪುರದ ರೈಲುಗಳ ಬಾಗಿಲುಗಳಿಗೆ ಜನರು ಈ ಅಂಟನ್ನು ಹಚ್ಚಿ ಸಂಚಾರಕ್ಕೆ ಅಡ್ಡಿಪಡಿಸಿದ್ದರಿಂದ ಅಲ್ಲಿಯ ಸರಕಾರವು ೧೯೯೨ರಲ್ಲಿ ಚೂಯಿಂಗ್ ಗಮ್ಮಿನ ಆಮದನ್ನೂ ಮಾರಾಟವನ್ನೂ ನಿಷೇಧಿಸಿತು. ೨೦೦೪ರಲ್ಲಿ ಔಷಧರೂಪದ ಗಮ್ಮಿಗೆ ಮಾತ್ರ ಆ ನಿಷೇಧವು ಸಡಿಲವಾಯಿತು.

೩. ಅಂಟಿನ ನಾಲ್ಕು ಗುಣಗಳು

ಯಾವ ವಸ್ತುವನ್ನಾಗಲಿ ಗೆಲ್ಲಬೇಕಾದರೆ ಮೊದಲು ಅದರ ಸ್ವಭಾವವನ್ನು ತಿಳಿಯಬೇಕು. ಈ ಅಂಟಿನ ಸ್ವಭಾವವನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು.

ಮೊದಲನೆಯದು, ಅದು ನೀರಿಗೆ ಜಗ್ಗುವುದಿಲ್ಲ. ಬಾಯಲ್ಲಿ ಗಂಟೆಗಟ್ಟಲೆ ಅಗಿದರೂ ಕರಗದ ಪದಾರ್ಥವು ಬಕೀಟಿನಲ್ಲಿ ನೆನೆಯಿಟ್ಟರೆ ಕರಗುವುದೆಂದು ನಿರೀಕ್ಷಿಸುವುದು ವ್ಯರ್ಥ.

ಎರಡನೆಯದು, ಅದು ಬಿಸಿಗೆ ಮೆತ್ತಗಾಗುತ್ತದೆ. ಬಾಯಿಯ ಕಾವಿನಲ್ಲಿಯೇ ಅದು ಹಿಟ್ಟಿನ ಹಾಗೆ ಮೃದುವಾಗುವುದನ್ನು ಎಲ್ಲರೂ ಬಲ್ಲರು. ಇನ್ನು ಕಾದ ಇಸ್ತ್ರಿಪೆಟ್ಟಿಗೆಯ ಕೆಳಗೆ ಏನಾಗುವುದೆಂಬುದನ್ನು ಊಹಿಸಿಕೊಳ್ಳಬಹುದು. ಮೇಣದಬತ್ತಿಯ ಮೇಣ ಬಿದ್ದ ಬಟ್ಟೆಯ ಮೇಲೆ ಕಾಗದವನ್ನಿಟ್ಟು ಇಸ್ತ್ರಿ ಮಾಡುವ ಪದ್ಧತಿಯುಂಟು. ಮೇಣವು ಎಣ್ಣೆಯಂತೆ ತೆಳ್ಳಗೆ ಕರಗಿ ಕಾಗದಕ್ಕೆ ಏರುತ್ತದೆ. ಅದೇ ಉಪಾಯವನ್ನು ಗಮ್ಮಿಗೆ ಹೂಡಿದರೆ ಅದು ತೆಳ್ಳಗಾಗದೆ ಬರಿಯ ಲೇಹದಂತಾಗಿ, ಸ್ವಲ್ಪ ಕಾಗದಕ್ಕೆ ಹತ್ತಿ, ಉಳಿದದ್ದು ನೂಲಿನ ಸಂದುಗಳಲ್ಲಿ ಹೂತುಹೋಗುತ್ತದೆ.

ಮೂರನೆಯದು, ಅದು ಚಳಿಗೆ ಬಿರುಸಾಗುತ್ತದೆ. ಮೆತ್ತಗಿರುವಾಗ ಎಳೆದರೆ ನೂಲುನೂಲಾಗಿ ಹಿಗ್ಗುವ ಅಂಟೇ ಮಂಜುಗಡ್ಡೆಯ ತಣ್ಪಿನಲ್ಲಿ ಹಪ್ಪಳದ ಹಾಗೆ ಮುರಿಯತಕ್ಕದ್ದಾಗುತ್ತದೆ. ಮುರಿಯುವ ವಸ್ತುವಿಗೆ ಹಿಡಿತವಿಲ್ಲ.

ನಾಲ್ಕನೆಯದು, ಅದು ಎಣ್ಣೆಗೂ ಕೊಬ್ಬಿಗೂ ಸೋಲುತ್ತದೆ. ಇದನ್ನು ನಮ್ಮ ಅಜ್ಜಿಯರು ರಸಾಯನಶಾಸ್ತ್ರವನ್ನು ಓದದೆಯೇ ತಿಳಿದಿದ್ದರು. ಹಲಸಿನ ಹಣ್ಣನ್ನು ಕೊಯ್ಯುವ ಮುಂಚೆ ಕೈಗೂ ಕತ್ತಿಗೂ ತೆಂಗಿನೆಣ್ಣೆಯನ್ನು ಸವರಿಕೊಳ್ಳುವುದು ನಮ್ಮ ಮನೆಗಳ ಹಳೆಯ ಸಂಪ್ರದಾಯವಷ್ಟೆ. ಮೇಣವು ನೀರಿನೊಡನೆ ಬೆರೆಯದೆ ಎಣ್ಣೆಯೊಡನೆ ಬೆರೆಯುವುದೇ ಅದಕ್ಕೆ ಕಾರಣ. ಗಮ್ಮಿನ ಅಂಟಿಗೂ ಇದೇ ನ್ಯಾಯವು ಸಲ್ಲುತ್ತದೆ. ಅಗಿಯುತ್ತಿರುವ ಗಮ್ಮಿನೊಡನೆ ಒಂದು ಚೂರು ಚಾಕೊಲೇಟನ್ನು ಬಾಯಿಗೆ ಹಾಕಿದರೆ, ಚಾಕೊಲೇಟಿನ ಕೊಬ್ಬು ಸೇರಿ ಅಂಟು ತನ್ನ ಬಿಗಿಯನ್ನು ಕಳೆದುಕೊಂಡು ಚಿಂದಿಚಿಂದಿಯಾಗುವುದನ್ನು ಮಕ್ಕಳೇ ಪರೀಕ್ಷಿಸಿ ನೋಡಬಹುದು.

ಈ ನಾಲ್ಕು ಗುಣಗಳನ್ನು ಬಲ್ಲವಳಿಗೆ ಕ್ರಮವು ತಾನಾಗಿಯೇ ಹೊಳೆಯುವುದು. ಮೊದಲು ಚಳಿ, ಆಮೇಲೆ ಎಣ್ಣೆ, ಅನಂತರ ಸಾಬೂನು, ಕಟ್ಟಕಡೆಗೆ ಬಿಸಿ.

೪. ಬಿಡಿಸುವ ಕ್ರಮ

(ಅ) ಬಟ್ಟೆಯನ್ನು ಮೈಯಿಂದ ತೆಗೆದು, ಅಂಟು ಇನ್ನೊಂದು ಕಡೆಗೆ ತಾಗದಂತೆ ಹೊರಮುಖವಾಗಿ ಮಡಿಸಿರಿ. ಬಿಸಿಲಿನಲ್ಲಿ ಹರವಬೇಡಿರಿ. ಬೆರಳಿನಿಂದ ಕೀಳಬೇಡಿರಿ, ಬೆರಳಿನ ಬಿಸಿಯೂ ಅಂಟಿಗೆ ಸಹಾಯವೇ.

(ಆ) ಫ್ರಿಜ್ಜು ಇರುವ ಮನೆಯಲ್ಲಿ ಬಟ್ಟೆಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮಂಜುಗಡ್ಡೆ ಕಟ್ಟುವ ಅರೆಯಲ್ಲಿ ಒಂದೆರಡು ಗಂಟೆಗಳ ಕಾಲ ಇಡಿರಿ. ಅಂಟು ಹತ್ತಿದ ಭಾಗವು ಚೀಲಕ್ಕೆ ಒತ್ತಿಕೊಳ್ಳದಿರಲಿ. ಫ್ರಿಜ್ಜು ಇಲ್ಲದಿದ್ದರೆ ಅಂಗಡಿಯಿಂದ ನಾಲ್ಕಾರು ಚೂರು ಐಸನ್ನು ತಂದು, ಚೀಲದಲ್ಲಿ ಕಟ್ಟಿ, ಅಂಟಿನ ಮೇಲೂ ಅದರ ಹಿಂಬದಿಯಲ್ಲೂ ಕಾಲು ಗಂಟೆ ಒತ್ತಿ ಹಿಡಿದರಾಯಿತು. ಉಗುರಿನಿಂದ ತಟ್ಟಿದರೆ ಟಕ್ಕೆಂದು ಸದ್ದಾಗುವಷ್ಟು ಅದು ಗಟ್ಟಿಯಾಗಬೇಕು.

(ಇ) ಈಗ ಬಟ್ಟೆಯನ್ನು ಮೇಜಿನ ಮೇಲೆ ಬಿಗಿಯಾಗಿ ಹರಡಿ, ಚಮಚದ ಅಂಚಿನಿಂದಾಗಲಿ ಮೊಂಡು ಚಾಕುವಿನ ಬೆನ್ನಿನಿಂದಾಗಲಿ ಅಂಟನ್ನು ಎಬ್ಬಿಸಿರಿ. ಸುತ್ತಲಿನ ಅಂಚಿನಿಂದ ನಡುವಿಗೆ ಬರಬೇಕು. ನಡುವಿನಿಂದ ಹೊರಕ್ಕೆ ಹೋದರೆ ಚೂರುಗಳು ಹರಡುತ್ತವೆ. ಅಂಟು ಪುನಃ ಮೆತ್ತಗಾಗುವ ಸೂಚನೆ ಕಂಡೊಡನೆ ಕೆಲಸವನ್ನು ನಿಲ್ಲಿಸಿ ಮತ್ತೊಮ್ಮೆ ತಣಿಸಿರಿ. ಎರಡು ಮೂರು ಸಲ ಹೀಗೆ ಮಾಡಬೇಕಾಗಿ ಬಂದರೂ ಬೇಸರಪಡಬಾರದು. ಹೊಸದಾಗಿ ಹತ್ತಿದ ಅಂಟಿನ ಬಹುಪಾಲು ಇಷ್ಟರಲ್ಲಿಯೇ ಹೊರಟುಹೋಗುವುದು.

(ಈ) ನೂಲಿನ ನಡುವೆ ಉಳಿದ ತೆಳುವಾದ ಪೊರೆಗೆ ಎಣ್ಣೆಯ ಉಪಚಾರ. ಮೊದಲು ಬಟ್ಟೆಯ ಒಳಮಡಿಕೆಯಲ್ಲಿ ಒಂದು ತೊಟ್ಟನ್ನು ಹಚ್ಚಿ, ಬಣ್ಣ ಬಿಡುವುದೋ ಎಂದು ಪರೀಕ್ಷಿಸಿರಿ. ಬಣ್ಣವಿಲ್ಲದ ತಿಳಿಯಾದ ತೆಂಗಿನೆಣ್ಣೆಯು ಉತ್ತಮ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದ್ದರೆ ಬಟ್ಟಲನ್ನು ಬೆಚ್ಚನೆಯ ನೀರಿನಲ್ಲಿಟ್ಟು ಕರಗಿಸಿಕೊಳ್ಳಿರಿ. ಎಣ್ಣೆಯನ್ನು ಹತ್ತಿಯಿಂದ ತಟ್ಟಿ ಹತ್ತು ನಿಮಿಷ ಬಿಟ್ಟರೆ ಅಂಟು ಮೆತ್ತಗಾಗಿ ಹಿಡಿತವನ್ನು ಸಡಿಲಿಸುತ್ತದೆ. ಆಗ ಒಂದು ಹಳೆಯ ಬ್ರಷ್ಷಿನಿಂದ ನೂಲಿನ ದಿಕ್ಕಿನಲ್ಲಿಯೇ ಮೆಲ್ಲಗೆ ತಿಕ್ಕಿ, ಬಿಡಿಸಿ ಬಂದದ್ದನ್ನು ಶುಭ್ರವಾದ ಅರಿವೆಯಿಂದ ಒತ್ತಿ ತೆಗೆಯಿರಿ. ನೀಲಗಿರಿ ತೈಲವು ಇದಕ್ಕಿಂತಲೂ ಬಲವಾದದ್ದು. ಅದರ ನಾಲ್ಕು ತೊಟ್ಟುಗಳೇ ಸಾಕು. ಆದರೆ ಅದು ಬೇಗನೆ ಬೆಂಕಿ ಹತ್ತುವ ತೈಲ; ಮಕ್ಕಳು ಕುಡಿದರೆ ವಿಷ. ಒಲೆಯಿಂದಲೂ ಮಕ್ಕಳ ಕೈಯಿಂದಲೂ ದೂರವಿಟ್ಟು ಬಳಸತಕ್ಕದ್ದು.

(ಉ) ಅಂಟು ಹೋಯಿತು, ಎಣ್ಣೆಯು ಉಳಿಯಿತು. ಇಲ್ಲಿ ಅನೇಕರು ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಎಣ್ಣೆಯ ಗುರುತಿನ ಮೇಲೆ ಕಡಲೆಹಿಟ್ಟನ್ನು ಉದುರಿಸಿ ಕಾಲು ಗಂಟೆ ಬಿಟ್ಟು ಕೊಡವಿರಿ. ಬಳಿಕ ಪಾತ್ರೆ ತೊಳೆಯುವ ದ್ರವರೂಪದ ಸಾಬೂನನ್ನು ಒಂದೆರಡು ತೊಟ್ಟು ಹಾಕಿ, ನೊರೆ ಬರುವಂತೆ ಬೆರಳಿನಿಂದ ತೀಡಿ, ಉಗುರುಬೆಚ್ಚನೆಯ ನೀರಿನಲ್ಲಿ ತೊಳೆಯಿರಿ.

(ಊ) ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ, ಹಗಲು ಬೆಳಕಿನಲ್ಲಿ ನೋಡಿ, ಬೆರಳಿನಿಂದ ಮುಟ್ಟಿ ನೋಡಿರಿ. ಜಿಗುಟಾಗಲಿ ಜಿಡ್ಡಾಗಲಿ ಉಳಿದಿದ್ದರೆ ಎಣ್ಣೆಯ ಮತ್ತು ಸಾಬೂನಿನ ಉಪಚಾರಗಳನ್ನು ಪುನಃ ಮಾಡಿರಿ. ಏನೂ ಉಳಿದಿಲ್ಲವೆಂದು ನಿಶ್ಚಯವಾದ ಮೇಲೆ ಮಾತ್ರ ಬಿಸಿನೀರು, ಬಿಸಿಲು, ಇಸ್ತ್ರಿ ಇವಕ್ಕೆ ಅಪ್ಪಣೆ.

೫. ಬಟ್ಟೆಯ ಜಾತಿಗೆ ತಕ್ಕ ಎಚ್ಚರಿಕೆ

ಹತ್ತಿಯ ಬಟ್ಟೆಯು ಸಹನಶೀಲವಾದದ್ದು. ಮೇಲೆ ಹೇಳಿದ ಕ್ರಮವನ್ನೆಲ್ಲಾ ತಾಳಿಕೊಳ್ಳುತ್ತದೆ.

ಈಗಿನ ಸಮವಸ್ತ್ರಗಳಲ್ಲಿ ಹತ್ತಿಯೊಡನೆ ಪಾಲಿಯೆಸ್ಟರ್ ಬೆರೆತಿರುವುದುಂಟು. ಪಾಲಿಯೆಸ್ಟರ್ ನೂಲಿಗೆ ಎಣ್ಣೆಯ ಮೇಲೆ ಒಲವು ಹೆಚ್ಚು. ಆದುದರಿಂದ ಎಣ್ಣೆಯನ್ನು ಅಗತ್ಯಕ್ಕಿಂತ ಹೆಚ್ಚಾಗಿ ಹಚ್ಚದೆ, ಸಾಬೂನಿನ ಕೆಲಸವನ್ನು ಎರಡರಷ್ಟು ಮಾಡಬೇಕು.

ರೇಷ್ಮೆಯ ವಿಷಯದಲ್ಲಿ ಹೆಚ್ಚಿನ ಜಾಗ್ರತೆ ಬೇಕು. ಖಾರವಾದ ಬಟ್ಟೆಸೋಪು ರೇಷ್ಮೆಗೆ ಶತ್ರು. ತಿಕ್ಕಿದರೆ ಹೊಳಪು ಹೋಗುವುದು, ನೂಲು ಎದ್ದುನಿಲ್ಲುವುದು. ತಣಿಸಿ, ತಾನಾಗಿ ಬಂದಷ್ಟನ್ನು ಎಬ್ಬಿಸಿ, ಅಲ್ಲಿಗೆ ಕೈ ತಡೆಯುವುದು ಲೇಸು. ತಾಯಿಯ ಮದುವೆಯ ಸೀರೆ, ಜರಿಯ ಸೆರಗು ಇಂಥವುಗಳಾದರೆ ಉಳಿದದ್ದನ್ನು ಡ್ರೈಕ್ಲೀನಿಂಗ್ ಮಾಡುವವರಿಗೆ ಒಪ್ಪಿಸಿ, ಹತ್ತಿದ್ದು ಇಂಥದ್ದೆಂದು ಬಾಯಿಬಿಟ್ಟು ಹೇಳಿರಿ. ಹೇಳದೆ ಕೊಟ್ಟರೆ ಅವರು ಕಾಣದೆ ಇಸ್ತ್ರಿ ಹಾಕುವ ಸಂಭವವುಂಟು.

ಉಣ್ಣೆಯ ಸ್ವೆಟರಿಗೆ ಚಳಿಯ ಉಪಚಾರವು ಚೆನ್ನಾಗಿ ಒಪ್ಪುತ್ತದೆ. ಅದನ್ನು ಬಿಸಿನೀರಿನಲ್ಲಿ ತಿಕ್ಕಿದರೆ ಮಾತ್ರ ಮುದುಡಿ ಕಿರಿದಾಗುವುದು.

೬. ಮಾಡಕೂಡದ ಕಾರ್ಯಗಳು

ಸೀಮೆಎಣ್ಣೆಯಿಂದಲೂ ಪೆಟ್ರೋಲಿನಿಂದಲೂ ಅಂಟು ಹೋಗುವುದೆಂದು ಹೇಳುವವರುಂಟು. ಹೋಗುವುದು ನಿಜ. ಆದರೆ ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದದ್ದರಿಂದ ನೆಲದ ಮೇಲೆ ಹರಿದುಕೊಂಡು ಹೋಗಿ, ದೂರದಲ್ಲಿರುವ ಒಲೆಯ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಒಂದು ಲಂಗವನ್ನು ಉಳಿಸಲು ಹೋಗಿ ಮೈ ಸುಟ್ಟುಕೊಳ್ಳುವುದು ಯಾವ ಮಿತವ್ಯಯವೂ ಅಲ್ಲ. ಹೆಣ್ಣುಮಕ್ಕಳ ಕೈಗೆ ಇವನ್ನು ಈ ಕೆಲಸಕ್ಕಾಗಿ ಎಂದೆಂದಿಗೂ ಕೊಡಬಾರದು.

ಉಗುರಿನ ಬಣ್ಣವನ್ನು ತೆಗೆಯುವ ದ್ರವದಲ್ಲಿ ಅಸಿಟೋನ್ ಇರುವುದುಂಟು. ಅಸಿಟೇಟ್ ಎಂಬ ನೂಲಿನ ಬಟ್ಟೆಗೆ ಅದನ್ನು ಹಾಕಿದರೆ ಅಂಟಿನೊಡನೆ ಬಟ್ಟೆಯೂ ಕರಗಿ ತೂತು ಬೀಳುವುದು. ಅದೂ ಬೆಂಕಿ ಹತ್ತುವ ದ್ರವವೇ.

ಜೇಬುಗಳನ್ನು ನೋಡದೆ ಬಟ್ಟೆಗಳನ್ನು ಒಗೆಯುವ ಯಂತ್ರಕ್ಕೆ ಹಾಕಬಾರದು. ಒಬ್ಬ ಹುಡುಗನ ಜೇಬಿನಲ್ಲಿದ್ದ ಒಂದು ತುಂಡು ಗಮ್ಮು ಬಿಸಿನೀರಿನಲ್ಲಿ ಮೆತ್ತಗಾಗಿ ಇಡೀ ಮನೆಯವರ ಬಟ್ಟೆಗಳಿಗೆ ಹಂಚಿಹೋಗಬಹುದು.

೭. ಕೂದಲಿಗೆ ಅಂಟಿದರೆ

ಉದ್ದವಾದ ಜಡೆಗೆ ಗಮ್ಮು ಸಿಕ್ಕಿಕೊಂಡಾಗ ಮನೆಯವರು ಮೊದಲು ಹುಡುಕುವುದು ಕತ್ತರಿಯನ್ನು. ಕತ್ತರಿ ಬೇಕಾಗಿಲ್ಲ. ಅಂಟಿದ ಕೂದಲಿನ ಎಳೆಗಳನ್ನು ಉಳಿದ ಕೂದಲಿನಿಂದ ಬೇರ್ಪಡಿಸಿ ಹಿಡಿದು, ಧಾರಾಳವಾಗಿ ತೆಂಗಿನೆಣ್ಣೆಯನ್ನು ಹಚ್ಚಿ ಕಾಲು ಗಂಟೆ ಬಿಡಿರಿ. ಅನಂತರ ಅಂಟನ್ನು ಬೆರಳುಗಳಿಂದ ತುದಿಯ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಜಾರಿಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ಬಾಚಿರಿ. ಬುಡವನ್ನು ಒಂದು ಕೈಯಿಂದ ಹಿಡಿದುಕೊಂಡರೆ ಮಗುವಿಗೆ ನೋವಾಗದು. ಎಲ್ಲವೂ ಬಂದ ಮೇಲೆ ಸೀಗೆಪುಡಿಯಿಂದ ತಲೆಯನ್ನು ತೊಳೆದರೆ ತೀರಿತು.

೮. ಪೋಷಕರಿಗೆ ಒಂದು ಮಾತು

ಈ ಪಾಠದಲ್ಲಿ ನೀರು, ಎಣ್ಣೆ, ಮಂಜುಗಡ್ಡೆ ಇವುಗಳಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಅದು ಮಗುವಿನ ಮನಸ್ಸು. ಬೈಗುಳಿಗೆ ಹೆದರುವ ಹುಡುಗಿಯು ಅಂಟು ಹಿಡಿದ ಬಟ್ಟೆಯನ್ನು ತೋರಿಸುವುದಿಲ್ಲ. ಬಚ್ಚಲಿನಲ್ಲಿ ಗುಟ್ಟಾಗಿ ಬಿಸಿನೀರು ಹಾಕಿ ತಿಕ್ಕುತ್ತಾಳೆ. ಇಲ್ಲವೆ ಬಟ್ಟೆಗಂಟಿನ ಅಡಿಯಲ್ಲಿ ಬಚ್ಚಿಡುತ್ತಾಳೆ. ಎರಡರಿಂದಲೂ ಅಂಟು ಒಳಕ್ಕೆ ಇಳಿಯುತ್ತದೆ. ಅಂಟು ಹತ್ತಿದ್ದು ಅನೇಕ ವೇಳೆ ಅವಳ ತಪ್ಪೂ ಆಗಿರುವುದಿಲ್ಲ. ಬೆಂಚಿನ ಮೇಲೆ ಅದನ್ನು ಬಿಟ್ಟವರು ಬೇರೆ, ಅದರ ಮೇಲೆ ಕುಳಿತವಳು ಬೇರೆ. ‘ಅಮ್ಮಾ, ಹೀಗಾಯಿತು’ ಎಂದು ಅದೇ ಸಂಜೆ ಬಂದು ಹೇಳುವ ಧೈರ್ಯವು ಮಗುವಿಗೆ ಇದ್ದರೆ ಅರ್ಧ ಕೆಲಸ ಆದಂತೆಯೇ. ತಾಯಿಯು ಸಿಟ್ಟನ್ನು ಬದಿಗಿಟ್ಟು ಚಮಚವನ್ನು ಮಗಳ ಕೈಗೇ ಕೊಟ್ಟು ‘ಅಂಚಿನಿಂದ ಎಬ್ಬಿಸು, ನಾನು ಹಿಡಿದುಕೊಳ್ಳುತ್ತೇನೆ’ ಎನ್ನಲಿ. ಗಂಡುಮಕ್ಕಳಿಗೂ ಇದನ್ನು ಕಲಿಸತಕ್ಕದ್ದು. ಬಟ್ಟೆಯನ್ನು ಉಡುವವರೆಲ್ಲರೂ ಅದನ್ನು ಕಾಪಾಡಲು ಬಲ್ಲವರಾಗಬೇಕು.

ಅಗಿಯುವ ಅಭ್ಯಾಸವಿರುವ ಮಕ್ಕಳಿಗೆ ಒಂದೇ ನಿಯಮ ಸಾಕು. ಗಮ್ಮು ಸುತ್ತಿ ಬಂದ ಕಾಗದವನ್ನು ಎಸೆಯದೆ ಜೇಬಿನಲ್ಲಿಟ್ಟುಕೊಳ್ಳಲಿ. ಅಗಿದಾದ ಮೇಲೆ ಅದರಲ್ಲಿಯೇ ಸುತ್ತಿ ಕಸದ ಬುಟ್ಟಿಗೆ ಹಾಕಲಿ. ಇಷ್ಟು ನಡೆದರೆ ಮೇಲಿನ ಪಾಠವು ಬೇಕಾಗುವ ಸಂದರ್ಭಗಳೇ ಕಡಿಮೆಯಾಗುವುವು.

ಮನೆಯಲ್ಲಿ ಮಾಡಿ ನೋಡತಕ್ಕ ಅಭ್ಯಾಸ

೧. ಒಂದು ಹಳೆಯ ಹತ್ತಿಯ ಅರಿವೆಯನ್ನು ಎರಡು ತುಂಡು ಮಾಡಿ, ಎರಡಕ್ಕೂ ಅಗಿದ ಗಮ್ಮನ್ನು ಒತ್ತಿರಿ. ಒಂದನ್ನು ಬಿಸಿನೀರಿನಲ್ಲಿ ತಿಕ್ಕಿರಿ. ಇನ್ನೊಂದನ್ನು ಐಸಿನಿಂದ ತಣಿಸಿ ಎಬ್ಬಿಸಿರಿ. ಎರಡನ್ನೂ ಒಣಗಿಸಿ ಹೋಲಿಸಿರಿ.

೨. ಹಲಸಿನ ಮೇಣ ಹತ್ತಿದ ಕೈಯನ್ನು ಮೊದಲು ನೀರಿನಿಂದಲೂ ಆಮೇಲೆ ತೆಂಗಿನೆಣ್ಣೆಯಿಂದಲೂ ತೊಳೆದು ವ್ಯತ್ಯಾಸವನ್ನು ಗಮನಿಸಿರಿ.

೩. ನಿಮ್ಮ ಮನೆಯಲ್ಲಿ ಬಟ್ಟೆಗಳಿಗೆ ಹತ್ತುವ ಐದು ವಸ್ತುಗಳ ಹೆಸರನ್ನು ಬರೆದು, ಅವುಗಳಲ್ಲಿ ಅಂಟು ಯಾವುದು, ಕಲೆ ಯಾವುದು ಎಂಬುದನ್ನು ವಿಂಗಡಿಸಿರಿ.

೪. ಇಸ್ತ್ರಿಯನ್ನು ಕಟ್ಟಕಡೆಗೇ ಏಕೆ ಮಾಡಬೇಕು? ತಂಗಿಗೋ ತಮ್ಮನಿಗೋ ಅರ್ಥವಾಗುವಂತೆ ಹೇಳಿರಿ.